ಸಂಜೆ 5.45ಕ್ಕೆ ಶುರುವಾದ ಆಟ: ಟ್ರಯಥ್ಲಾನ್ ಹುಟ್ಟಿದ್ದೇ ಚಿಕ್ಕದಾಗಿ

ಈ ವಾರದ ಸಂಚಿಕೆ ಒಂದು ಪ್ರಶ್ನೆಯಿಂದ ಶುರುವಾಗುತ್ತೆ. ಪ್ರಶ್ನೆ ನನ್ನದಲ್ಲ, ನಮ್ಮ ಪಕ್ಕದ ಮನೆ ಅಂಕಲ್‌ದು.

ಹೋದ ವರ್ಷ ನಾನು ಒಂದು ಸ್ಪ್ರಿಂಟ್ ಟ್ರಯಥ್ಲಾನ್ ಮುಗಿಸಿದೆ. 750 ಮೀಟರ್ ಈಜು, 20 ಕಿಲೋಮೀಟರ್ ಸೈಕಲ್, 5 ಕಿಲೋಮೀಟರ್ ಓಟ. ಒಂದಾದ ಮೇಲೊಂದು, ಮಧ್ಯೆ ಗಡಿಯಾರ ನಿಲ್ಲೋದಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ನನ್ನ ಹೆಸರನ್ನ ಕೆಳಗಿನಿಂದ ಹುಡುಕಿದರೆ ಬೇಗ ಸಿಗುತ್ತೆ. ಆದರೂ ಮುಗಿಸಿದೆನಲ್ಲ ಅನ್ನೋ ಖುಷಿ. ಮನೆಗೆ ಬಂದು ಎಲ್ಲರಿಗೂ ಮೆಡಲ್ ತೋರಿಸಿದೆ. ಅಂಕಲ್ ಅದನ್ನ ಆ ಕಡೆ ಈ ಕಡೆ ತಿರುಗಿಸಿ ನೋಡಿ, "ಚೆನ್ನಾಗಿದೆ ಕಣಮ್ಮಾ. ಇದು ಚಿಕ್ಕದು ಅಲ್ವಾ? ಪೂರ್ತಿದು ಯಾವಾಗ ಮಾಡ್ತೀಯಾ?" ಅಂದ್ರು.

ಅವರು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಟ್ರಯಥ್ಲಾನ್ ಅಂದ್ರೆ ನಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರೋದು ಒಂದೇ ಹೆಸರು, ಐರನ್‌ಮ್ಯಾನ್. 2015ರಲ್ಲಿ ಮಿಲಿಂದ್ ಸೋಮನ್ ಜ್ಯೂರಿಕ್‌ನಲ್ಲಿ ಅದನ್ನ ಮುಗಿಸಿದಾಗ ಸುದ್ದಿ ಆಯ್ತು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಗೋವಾದಲ್ಲಿ ಅದರ ಅರ್ಧ ದೂರದ ಸ್ಪರ್ಧೆ ಮುಗಿಸಿದಾಗಲೂ ಸುದ್ದಿ ಆಯ್ತು. ಹಾಗಾಗಿ ಐರನ್‌ಮ್ಯಾನ್ ಅನ್ನೋದು ಅಸಲಿ, ಉಳಿದದ್ದೆಲ್ಲ ಅದರ ಮರಿ ಅನ್ನೋ ಲೆಕ್ಕ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ.

ಆ ರಾತ್ರಿ ನಾನು ಈ ಆಟದ ಇತಿಹಾಸ ಓದೋಕೆ ಕೂತೆ. ಲೆಕ್ಕ ಪೂರಾ ಉಲ್ಟಾ ಇತ್ತು. ಇವತ್ತು ಆ ಕಥೆ.

ಒಂದು ಬುಧವಾರ ಸಂಜೆ

1974ನೇ ಇಸವಿ, ಸೆಪ್ಟೆಂಬರ್ 25, ಬುಧವಾರ. ಜಾಗ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೊ. ಅಲ್ಲಿ ಮಿಷನ್ ಬೇ ಅಂತ ಒಂದು ಶಾಂತವಾದ ಕೊಲ್ಲಿ ಇದೆ, ಅದರೊಳಗೆ ಫಿಯೆಸ್ಟಾ ಅನ್ನೋ ದ್ವೀಪ. ಸ್ಪರ್ಧೆ ಶುರುವಾಗಬೇಕಾದ ಸಮಯ ಸಂಜೆ 5.45.

ಈ ದಿನ ಮತ್ತು ಸಮಯ ಸ್ವಲ್ಪ ಗಮನಿಸಿ. ಭಾನುವಾರ ಅಲ್ಲ, ರಜೆ ಅಲ್ಲ, ಬೆಳಗಿನ ಜಾವ ಅಲ್ಲ. ವಾರದ ನಟ್ಟನಡುವೆ, ಜನ ಕೆಲಸ ಮುಗಿಸಿ ಬರೋ ಹೊತ್ತು. ಯಾಕಂದ್ರೆ ಇದನ್ನ ನಡೆಸಿದವರೂ ಓಡೋಕೆ ಬಂದವರೂ ಹೆಚ್ಚಾಗಿ ಕೆಲಸ, ಸಂಸಾರ ಇದ್ದ ಹವ್ಯಾಸಿಗಳು. ಆಟದಿಂದ ಹೊಟ್ಟೆ ಹೊರೆಯೋ ವೃತ್ತಿಪರ ಟ್ರಯಥ್ಲೀಟ್ ಅನ್ನೋ ಜಾತಿ ಆಗ ಇರಲೇ ಇಲ್ಲ.

ಇದರ ಹಿಂದೆ ಇದ್ದವರು ಇಬ್ಬರು: ಜ್ಯಾಕ್ ಜಾನ್‌ಸ್ಟೋನ್ ಮತ್ತು ಡಾನ್ ಶಾನಹನ್. ಇಬ್ಬರೂ ಸ್ಯಾನ್ ಡಿಯೇಗೊ ಟ್ರ್ಯಾಕ್ ಕ್ಲಬ್‌ನ ಸದಸ್ಯರು. ಜಾನ್‌ಸ್ಟೋನ್ ಕಾಲೇಜು ದಿನಗಳಲ್ಲಿ ಈಜುಗಾರ. ಮೂವತ್ತರ ಮಧ್ಯದಲ್ಲಿ, ಮೈ ಭಾರ ಇಳಿಸೋಕೆ ಅಂತ ಜಾಗಿಂಗ್ ಶುರು ಮಾಡಿದ ಮನುಷ್ಯ. ಈ ಭಾಗ ಕೇಳಿದಾಗ ನಿಮ್ಮ ಮನೆಯಲ್ಲೇ ಯಾರದೋ ಮುಖ ನೆನಪಾಗಿರಬೇಕು.

ಅದೇ ಊರಲ್ಲಿ ಡೇವಿಡ್ ಪೇನ್ ಅಂತ ಒಬ್ಬ ವಕೀಲರು. ವಯಸ್ಸಾದವರಿಗೂ ಓಟದ ಸ್ಪರ್ಧೆ ಬೇಕು ಅಂತ ಹಟ ಹಿಡಿದು, ಅಮೆರಿಕದಲ್ಲಿ ಮಾಸ್ಟರ್ಸ್ ಅಥ್ಲೆಟಿಕ್ಸ್ ಕಟ್ಟಿದವರು. ಅವರು ತಮ್ಮ ಹುಟ್ಟುಹಬ್ಬದ ನೆಪದಲ್ಲಿ ಓಟ ಮತ್ತು ಈಜು ಸೇರಿಸಿ ಒಂದು ಸ್ಪರ್ಧೆ ಇಡ್ತಿದ್ದರು. ಜಾನ್‌ಸ್ಟೋನ್ ಅದರಲ್ಲಿ ಭಾಗವಹಿಸಿದರು, ಇಷ್ಟವೂ ಆಯ್ತು. ಆದರೆ ಹಳೇ ಈಜುಗಾರ ಅಲ್ವಾ, ಈಜು ಕಮ್ಮಿ ಆಯ್ತು ಅನ್ನಿಸಿತು. ಈಜು ಜಾಸ್ತಿ ಇರೋ ಇಂಥದ್ದೇ ಒಂದು ಸ್ಪರ್ಧೆ ನಾನೇ ಯಾಕೆ ಮಾಡಬಾರದು ಅಂತ ಕ್ಲಬ್‌ನಲ್ಲಿ ವಿಚಾರಿಸಿದರು. ಅಲ್ಲಿ ಸಿಕ್ಕ ಉತ್ತರ: ಶಾನಹನ್ ಅವರದ್ದೂ ಇಂಥದ್ದೇ ಒಂದು ವಿಚಿತ್ರ ಯೋಚನೆ ಇದೆ, ಇಬ್ಬರೂ ಸೇರಿ ಮಾಡಿ.

ಶಾನಹನ್‌ಗೆ ಸೈಕಲ್ಲೂ ಬೇಕಿತ್ತು. ಜಾನ್‌ಸ್ಟೋನ್ ಸೈಕಲ್ ರೇಸ್ ಮಾಡಿದವರಲ್ಲ, ಮೊದಲು ಅನುಮಾನಿಸಿದರು, ಆಮೇಲೆ ಆಗಲಿ ಅಂದರು. ಇವತ್ತು ಒಲಿಂಪಿಕ್ಸ್‌ನಲ್ಲಿ ನೋಡೋ ಆಟಕ್ಕೆ ಸೈಕಲ್ ಸೇರಿದ್ದು ಹೀಗೆ, ಇಬ್ಬರು ಸಾಮಾನ್ಯ ಕ್ಲಬ್ ಸದಸ್ಯರ ಮಾತುಕತೆಯಲ್ಲಿ.

ನಿಘಂಟಿನಲ್ಲಿ ಇಲ್ಲದ ಪದ

ಹೆಸರೇನಿಡೋದು? ಪೆಂಟಾಥ್ಲಾನ್, ಡೆಕಾಥ್ಲಾನ್ ಆಗಲೇ ಇದ್ದವು. ಗ್ರೀಕ್‌ನಲ್ಲಿ 'ಟ್ರೈ' ಅಂದ್ರೆ ನಮ್ಮ 'ತ್ರಿ' ಇದ್ದ ಹಾಗೆ, ಮೂರು. 'ಆಥ್ಲೊನ್' ಅಂದ್ರೆ ಪೈಪೋಟಿಯಲ್ಲಿ ಗೆಲ್ಲೋ ಬಹುಮಾನ. ಹಾಗಾಗಿ ಟ್ರಯಥ್ಲಾನ್. ಟ್ರೋಫಿ ಮೇಲೆ ಅಕ್ಷರ ಕೆತ್ತುವವರು ಜಾನ್‌ಸ್ಟೋನ್‌ಗೆ ಫೋನ್ ಮಾಡಿ, ಈ ಪದ ನಿಘಂಟಿನಲ್ಲಿ ಸಿಗ್ತಾ ಇಲ್ಲ, ಸ್ಪೆಲ್ಲಿಂಗ್ ಹೇಗೆ ಅಂತ ಕೇಳಿದರಂತೆ. ಇವರೇ ಒಂದು ಸ್ಪೆಲ್ಲಿಂಗ್ ಹೇಳಿದರು. ಅದೇ ಉಳಿಯಿತು.

ಇಲ್ಲಿ ಒಂದು ಮಾತು ಸೇರಿಸಲೇಬೇಕು. ಓಟ, ಸೈಕಲ್, ಈಜು ಮೂರನ್ನೂ ಸೇರಿಸಿದ ಸ್ಪರ್ಧೆಗಳು ಫ್ರಾನ್ಸ್‌ನಲ್ಲಿ 1920ರ ದಶಕದಲ್ಲೇ ನಡೆದಿದ್ದವು. ಅಲ್ಲಿ ಅದನ್ನ 'ಮೂರು ಆಟಗಳು' ಅಂತಲೇ ಕರೀತಿದ್ದರು, ಮಾರ್ನ್ ನದಿಯಲ್ಲಿ ಈಜು ಇತ್ತು. ಆದರೆ ಇವತ್ತಿನ ಟ್ರಯಥ್ಲಾನ್‌ನ ವಂಶಾವಳಿ ನೇರವಾಗಿ ಹೋಗಿ ನಿಲ್ಲೋದು ಮಿಷನ್ ಬೇಯಲ್ಲಿ.

ಕ್ಲಬ್‌ನ ಪ್ರಕಟಣೆ ಪ್ರಕಾರ ದೂರ ಎಷ್ಟು ಗೊತ್ತಾ? ಓಟ 6 ಮೈಲಿ, ಅಂದ್ರೆ ಹತ್ತಿರ ಹತ್ತಿರ 10 ಕಿಲೋಮೀಟರ್, ಅದೂ ತುಂಡು ತುಂಡಾಗಿ. ಸೈಕಲ್ 5 ಮೈಲಿ, ಅಂದ್ರೆ 8 ಕಿಲೋಮೀಟರ್. ಈಜು 500 ಗಜ, ಅದೂ ಒಂದೇ ಸಲಕ್ಕಲ್ಲ, ಒಂದು ತುಂಡು 250 ಗಜಕ್ಕಿಂತ ಉದ್ದ ಇರಲಿಲ್ಲ. ಓಟದ ಒಂದಷ್ಟು ಭಾಗ ಮರಳು, ಹುಲ್ಲಿನ ಮೇಲೆ ಬರಿಗಾಲಲ್ಲಿ. ಸೈಕಲ್ ನೀವೇ ತರಬೇಕು.

ಇವತ್ತಿನ ಪಟ್ಟಿಯಲ್ಲಿಟ್ಟು ನೋಡಿದರೆ ಇದು ಸ್ಪ್ರಿಂಟ್ ಟ್ರಯಥ್ಲಾನ್‌ನ ಅಣ್ಣತಮ್ಮ. ಈಜು, ಸೈಕಲ್ ನಾನು ಮಾಡಿದ್ದಕ್ಕಿಂತ ಕಮ್ಮಿ, ಓಟ ಜಾಸ್ತಿ.

46 ಜನ ಮುಗಿಸಿದರು. ಗೆದ್ದವರು ಬಿಲ್ ಫಿಲಿಪ್ಸ್, ಸಮಯ 55 ನಿಮಿಷ 44 ಸೆಕೆಂಡ್. ವೃತ್ತಿಯಲ್ಲಿ ಅವರು ಸ್ಯಾನ್ ಡಿಯೇಗೊ ಸ್ಟೇಟ್ ಯೂನಿವರ್ಸಿಟಿಯ ದೈಹಿಕ ಶಿಕ್ಷಣ ಪ್ರಾಧ್ಯಾಪಕ. ಹಿಂದೆ ಉಳಿದವರು ಇನ್ನೂ ನೀರಲ್ಲಿದ್ದಾಗಲೇ ಕತ್ತಲಾಯ್ತು. ಆಗ ಕಾರುಗಳನ್ನ ದಡಕ್ಕೆ ತಂದು ಹೆಡ್‌ಲೈಟ್ ಹಾಕಿ ದಾರಿ ತೋರಿಸಿದರು. ನನಗೆ ಈ ಇಡೀ ಇತಿಹಾಸದಲ್ಲಿ ತುಂಬಾ ಇಷ್ಟವಾದ ದೃಶ್ಯ ಇದು. ಗೆದ್ದವರು ಆಗಲೇ ಟವೆಲ್ ಸುತ್ತಿಕೊಂಡಿರುತ್ತಾರೆ. ಬೆಳಕು ಬೇಕಾಗಿದ್ದು ಕೊನೆಯವರಿಗೆ.

ಉದ್ದ ಹೇಗಾಯ್ತು?

ಆ 46 ಜನರಲ್ಲಿ ಒಬ್ಬರು ಅಮೆರಿಕದ ನೌಕಾಪಡೆಯ ಅಧಿಕಾರಿ ಜಾನ್ ಕಾಲಿನ್ಸ್. ಹೆಂಡತಿ ಜೂಡಿ ಕೂಡ ಭಾಗವಹಿಸಿದ್ದರು. ಮುಂದೆ ಈ ಸಂಸಾರ ಹವಾಯಿಗೆ ಹೋಯ್ತು. 1977ರಲ್ಲಿ ಅಲ್ಲೊಂದು ಓಟದ ಬಹುಮಾನ ವಿತರಣೆ ಸಮಾರಂಭ. ಊಟ, ಮಾತು, ವಾದ. ಯಾರು ಹೆಚ್ಚು ಗಟ್ಟಿ, ಓಟಗಾರರಾ ಈಜುಗಾರರಾ? ಕಾಲಿನ್ಸ್ ಮಧ್ಯೆ ಬಾಯಿ ಹಾಕಿ, ಬೆಲ್ಜಿಯಂನ ಸೈಕಲ್ ಚಾಂಪಿಯನ್ ಎಡ್ಡಿ ಮರ್ಕ್ಸ್ ಹೆಸರು ತೆಗೆದು, ಸೈಕ್ಲಿಸ್ಟ್‌ಗಳೂ ಇದ್ದಾರೆ ಅಂತ ನೆನಪಿಸಿದರು.

ವಾದ ಮುಗಿಸೋಕೆ ಒಂದು ಉಪಾಯ ಮಾಡಿದರು. ಓಹಾಹು ದ್ವೀಪದಲ್ಲಿ ಆಗಲೇ ಮೂರು ದೊಡ್ಡ ಸ್ಪರ್ಧೆಗಳಿದ್ದವು: ವೈಕಿಕಿ ಸಮುದ್ರ ಈಜು, ದ್ವೀಪ ಸುತ್ತುವ ಸೈಕಲ್ ರೇಸ್, ಹೊನೊಲುಲು ಮ್ಯಾರಥಾನ್. ಮೂರನ್ನೂ ಒಂದೇ ದಿನಕ್ಕೆ ಜೋಡಿಸಿದರು. 3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್, 42.2 ಕಿಲೋಮೀಟರ್ ಓಟ. 1978ರ ಫೆಬ್ರವರಿ 18ರಂದು 15 ಜನ ಹೊರಟರು, 12 ಜನ ಮುಗಿಸಿದರು. ಮೊದಲು ಬಂದ ಗಾರ್ಡನ್ ಹಾಲರ್ ತೆಗೆದುಕೊಂಡದ್ದು 11 ಗಂಟೆ 46 ನಿಮಿಷ 58 ಸೆಕೆಂಡ್.

ಅಂದ್ರೆ ಏನಾಯ್ತು ನೋಡಿ. ಐರನ್‌ಮ್ಯಾನ್ ಬಂದದ್ದು ಮಿಷನ್ ಬೇ ಸ್ಪರ್ಧೆ ನಡೆದು ಮೂರೂವರೆ ವರ್ಷ ಆದ ಮೇಲೆ. ಅದನ್ನ ಕಟ್ಟಿದ್ದು ಆ ಚಿಕ್ಕ ಸ್ಪರ್ಧೆಯಲ್ಲಿ ಓಡಿದ ದಂಪತಿ. ಚಿಕ್ಕದು ದೊಡ್ಡದರ ತುಂಡಲ್ಲ. ದೊಡ್ಡದೇ ಚಿಕ್ಕದನ್ನ ಹಿಗ್ಗಿಸಿ ಮಾಡಿದ್ದು, ಅದೂ ಊಟದ ಹೊತ್ತಿನ ಒಂದು ಜಗಳ ಬಗೆಹರಿಸೋಕೆ.

ಹಾಗಾದ್ರೆ ನಮ್ಮ ಅಂಕಲ್‌ಗೆ ಗೊತ್ತಿರೋದು ಐರನ್‌ಮ್ಯಾನ್ ಮಾತ್ರ ಯಾಕೆ? ಮುಖ್ಯ ಕಾರಣ ಟಿವಿ. 1979ರಲ್ಲಿ ಅಮೆರಿಕದ ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್ ಪತ್ರಿಕೆ ಇದರ ಬಗ್ಗೆ ದೀರ್ಘ ಲೇಖನ ಮಾಡಿತು, 1980ರಿಂದ ಎಬಿಸಿ ವಾಹಿನಿ ಕ್ಯಾಮೆರಾ ತಂದಿತು. 1982ರ ಫೆಬ್ರವರಿಯಲ್ಲಿ ಜೂಲಿ ಮಾಸ್ ಅನ್ನೋ ಕಾಲೇಜು ವಿದ್ಯಾರ್ಥಿನಿ ಮಹಿಳೆಯರಲ್ಲಿ ಮೊದಲು ಬರ್ತಾ ಇದ್ದಳು. ವ್ಯಾಯಾಮ ವಿಜ್ಞಾನದ ಪ್ರಬಂಧಕ್ಕೆ ಅಂತ ಬಂದವಳು. ಗುರಿ ಕಣ್ಣೆದುರೇ ಇದ್ದಾಗ ಕಾಲು ಸೋತು ಬಿದ್ದಳು. ಎದ್ದಳು, ಮತ್ತೆ ಬಿದ್ದಳು. ಕ್ಯಾಥ್ಲೀನ್ ಮೆಕಾರ್ಟ್ನಿ ಪಕ್ಕದಲ್ಲೇ ಓಡಿಹೋಗಿ ಗೆದ್ದರು. ಮಾಸ್ ತೆವಳಿಕೊಂಡು ಗೆರೆ ಮುಟ್ಟಿದಳು, 29 ಸೆಕೆಂಡ್ ತಡವಾಗಿ. ಆ ದೃಶ್ಯ ಟಿವಿಯಲ್ಲಿ ಬಂದ ಮೇಲೆ ಟ್ರಯಥ್ಲಾನ್ ಅಂದ್ರೆ ಹೀಗೇ ಇರಬೇಕು, ಸಾಯೋ ಹಾಗೆ ಸುಸ್ತಾಗಬೇಕು ಅನ್ನೋ ಚಿತ್ರ ಜನರ ಮನಸ್ಸಲ್ಲಿ ಅಚ್ಚಾಯ್ತು.

ನಾನು ಓದಿದ್ದು ಕಾಮರ್ಸ್, ಹಾಗಾಗಿ ದುಡ್ಡಿನ ಲೆಕ್ಕ ನೋಡದೆ ಬಿಡೋಕಾಗಲ್ಲ. ಟ್ರಯಥ್ಲಾನ್ ಅನ್ನೋ ಪದ ಯಾರ ಆಸ್ತಿಯೂ ಅಲ್ಲ. ಐರನ್‌ಮ್ಯಾನ್ ಅನ್ನೋದು ಟ್ರೇಡ್‌ಮಾರ್ಕ್. 2015ರಲ್ಲಿ ಚೀನಾದ ವಾಂಡಾ ಕಂಪನಿ ಅದನ್ನ ಕೊಂಡಾಗ ಬೆಲೆ 65 ಕೋಟಿ ಡಾಲರ್. ಮಾರೋ ಹೆಸರು ಇದ್ದಾಗ ಜಾಹೀರಾತು ಇರುತ್ತೆ, ಟೀ ಶರ್ಟ್ ಇರುತ್ತೆ, ಮೈ ಮೇಲೆ ಹಚ್ಚೆ ಹಾಕಿಸಿಕೊಳ್ಳೋ ಲೋಗೋ ಇರುತ್ತೆ. ಸ್ಪ್ರಿಂಟ್ ದೂರಕ್ಕೆ ಇದ್ಯಾವುದೂ ಇಲ್ಲ. 'ಪೂರ್ತಿದು', 'ಅರ್ಧದ್ದು' ಅನ್ನೋ ಮಾತೇ ಆ ಒಂದು ಹೆಸರನ್ನ ಅಳತೆಗೋಲು ಮಾಡಿಕೊಂಡು ಹುಟ್ಟಿದ್ದು.

ಒಲಿಂಪಿಕ್ಸ್ ಒಪ್ಪಿದ್ದು ಯಾವುದನ್ನ?

ಇನ್ನೊಂದು ಕಡೆ ಚಿಕ್ಕ ಟ್ರಯಥ್ಲಾನ್ ತನ್ನ ಪಾಡಿಗೆ ಬೆಳೀತಾ ಇತ್ತು. 1982ರಲ್ಲಿ ಅಮೆರಿಕದ ಹಲವು ನಗರಗಳಲ್ಲಿ ಒಂದು ಸರಣಿ ಶುರುವಾಯ್ತು. ಅದನ್ನ ನಡೆಸಿದವರಲ್ಲಿ ಜಿಮ್ ಕರ್ಲ್ ಒಬ್ಬರು. ಕೆಲವು ವರ್ಷಗಳಲ್ಲಿ ಅದರ ದೂರ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ ಅಂತ ಗಟ್ಟಿಯಾಯ್ತು. ಈ ಅಂಕಿಗಳು ಆಕಾಶದಿಂದ ಬಿದ್ದದ್ದಲ್ಲ. ಈಜುಕೊಳದ ದೊಡ್ಡ ಸ್ಪರ್ಧೆ 1500 ಮೀಟರ್, ಸೈಕಲ್ ಟೈಮ್ ಟ್ರಯಲ್‌ನ ಪರಿಚಿತ ದೂರ 40 ಕಿಲೋಮೀಟರ್, ಟ್ರ್ಯಾಕ್ ಓಟದ ದೊಡ್ಡ ಸ್ಪರ್ಧೆ 10,000 ಮೀಟರ್. ಆಯಾ ಆಟದವರಿಗೆ ಮೊದಲೇ ಗೊತ್ತಿದ್ದ ಅಳತೆಗಳು.

1989ರಲ್ಲಿ ಫ್ರಾನ್ಸ್‌ನ ಅವಿನ್ಯೋನ್‌ನಲ್ಲಿ ಅಂತಾರಾಷ್ಟ್ರೀಯ ಟ್ರಯಥ್ಲಾನ್ ಒಕ್ಕೂಟ ಹುಟ್ಟಿತು. ಮೊದಲ ಅಧ್ಯಕ್ಷ ಕೆನಡಾದ ಲೆಸ್ ಮೆಕ್‌ಡೊನಾಲ್ಡ್. ಹೆಂಗಸರಿಗೆ ಸಮಪಾಲು ಇರಬೇಕು ಅನ್ನೋದು ಅವರ ಹಟ. ಅದೇ ವರ್ಷ ಅಲ್ಲೇ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು, ಅಮೆರಿಕದ ಮಾರ್ಕ್ ಅಲೆನ್ ಮತ್ತು ನ್ಯೂಜಿಲೆಂಡ್‌ನ ಎರಿನ್ ಬೇಕರ್ ಗೆದ್ದರು. 2000ನೇ ಇಸವಿಯ ಸಿಡ್ನಿ ಒಲಿಂಪಿಕ್ಸ್‌ಗೆ ಟ್ರಯಥ್ಲಾನ್ ಬಂದಾಗ ಆರಿಸಿಕೊಂಡ ದೂರವೂ ಇದೇ, 1.5, 40, 10. ಸೆಪ್ಟೆಂಬರ್ 16ರಂದು ಮೊದಲು ನಡೆದದ್ದು ಮಹಿಳೆಯರ ಸ್ಪರ್ಧೆ. ಸ್ವಿಟ್ಜರ್ಲೆಂಡ್‌ನ ಬ್ರಿಜಿಟ್ ಮೆಕ್‌ಮಹನ್ ಆಸ್ಟ್ರೇಲಿಯಾದ ಮಿಷೆಲ್ ಜೋನ್ಸ್ ಅವರನ್ನ ಎರಡೇ ಸೆಕೆಂಡ್ ಅಂತರದಲ್ಲಿ ಸೋಲಿಸಿದರು. ಮಾರನೇ ದಿನ ಪುರುಷರದ್ದು, ಕೆನಡಾದ ಸೈಮನ್ ವಿಟ್‌ಫೀಲ್ಡ್ ಗೆದ್ದರು. ಇಬ್ಬರಿಗೂ ಒಂದೇ ದೂರ.

ಇದು ಸಣ್ಣ ವಿಷಯ ಅಲ್ಲ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ. ಈಜುಕೊಳದಲ್ಲಿ 1500 ಮೀಟರ್ ಸಿಕ್ಕಿದ್ದು ಟೋಕಿಯೋದಲ್ಲಿ, 2021ರಲ್ಲಿ. ಅಂದ್ರೆ ಕೊಳದಲ್ಲಿ ಅವಕಾಶ ಸಿಗೋದಕ್ಕೆ ಎರಡು ದಶಕ ಮೊದಲೇ ಟ್ರಯಥ್ಲಾನ್‌ನ ಹೆಂಗಸರು ಸಿಡ್ನಿ ಬಂದರಿನ ನೀರಲ್ಲಿ ಅಷ್ಟೇ ದೂರ ಈಜಿ, ಆಮೇಲೆ ಸೈಕಲ್ಲನ್ನೂ ತುಳಿದು ಓಡಿದ್ದರು.

ಆಮೇಲೆ ಏನಾಯ್ತು ಅಂತೀರಾ? ದೊಡ್ಡ ವೇದಿಕೆಗಳು ಇನ್ನೂ ಚಿಕ್ಕ ದೂರದ ಕಡೆಗೇ ಬಂದವು. 2016ರಲ್ಲಿ ರಿಯೋ ಪ್ಯಾರಾಲಿಂಪಿಕ್ಸ್‌ಗೆ ಟ್ರಯಥ್ಲಾನ್ ಸೇರಿದಾಗ ದೂರ 750 ಮೀಟರ್, 20 ಮತ್ತು 5 ಕಿಲೋಮೀಟರ್. 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲೂ, 2022ರ ಬರ್ಮಿಂಗ್‌ಹ್ಯಾಮ್‌ನಲ್ಲೂ ಅದೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ಭಾರತದವರೂ ಸ್ಪರ್ಧಿಸಿದ್ದರು. ಅಲ್ಲಿ ಗೆದ್ದ ಇಂಗ್ಲೆಂಡ್‌ನ ಅಲೆಕ್ಸ್ ಯೀ ತೆಗೆದುಕೊಂಡದ್ದು 50 ನಿಮಿಷಕ್ಕಿಂತ ಒಂಚೂರು ಜಾಸ್ತಿ. 48 ವರ್ಷ ಸುತ್ತಾಡಿ ಆಟ ಮತ್ತೆ ಮಿಷನ್ ಬೇಯ ಹತ್ತಿರಕ್ಕೇ ಬಂತು, ಒಂದು ಗಂಟೆಯೊಳಗೆ ಮುಗಿಯೋ ಸ್ಪರ್ಧೆ.

ಬಾವಿ, ಕೊಳ, ಕೆರೆ

ಈಗ ನಮ್ಮ ಕಡೆಗೆ ಬರೋಣ. ನಮ್ಮಂಥವರಿಗೆ ಟ್ರಯಥ್ಲಾನ್‌ನ ಕಷ್ಟ ಓಟ ಅಲ್ಲ, ಸೈಕಲ್ಲೂ ಅಲ್ಲ. ನೀರು.

ನಮ್ಮಜ್ಜ ತುಮಕೂರು ಕಡೆಯವರು. ತೋಟದ ಬಾವಿಯಲ್ಲಿ, ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವರು. ಅದೇ ಬಾವಿಯ ನೀರು ಸೇದಿ ಬೆಳೆದ ನಮ್ಮಮ್ಮನಿಗೆ ಈಜು ಬರಲ್ಲ. ಹುಡುಗಿಯರನ್ನ ಬಾವಿಗೆ ಇಳಿಸ್ತಿರಲಿಲ್ಲ, ಅಷ್ಟೇ ಕಾರಣ. ನಾನು ಕಲಿತಿದ್ದು 25ನೇ ವಯಸ್ಸಿಗೆ, ಬೆಂಗಳೂರಲ್ಲಿ, ತಿಂಗಳ ಫೀಸು ಕಟ್ಟಿ, ಆರು ವರ್ಷದ ಮಕ್ಕಳ ಬ್ಯಾಚಿನ ಪಕ್ಕದಲ್ಲಿ. 25 ಮೀಟರ್ ಕೊಳದಲ್ಲಿ 750 ಮೀಟರ್ ಅಂದ್ರೆ 30 ಸಲ ಆ ದಡ ಈ ದಡ. ಮೊದಲ ತಿಂಗಳು ನನಗೆ ಒಂದು ಸಲವೂ ಆಗಿರಲಿಲ್ಲ.

ಸ್ಪರ್ಧೆಯ ದಿನ ಕೆರೆ ನೀರಿಗೆ ಇಳಿದಾಗ ಕೊಳದಲ್ಲಿ ಕಾಣೋ ತಳದ ಕಪ್ಪು ಗೆರೆ ಇರಲಿಲ್ಲ. ಸುತ್ತ ಕೈಕಾಲು ಬಡಿತ, ಉಸಿರು ಸಿಗ್ತಿಲ್ಲ. ಮಧ್ಯದಲ್ಲಿ ಅಂಗಾತ ಮಲಗಿ ಆಕಾಶ ನೋಡ್ತಾ ಸುಧಾರಿಸಿಕೊಂಡೆ. ಹತ್ತಿರ ಬಂದ ದೋಣಿಯವರು "ಹತ್ತುತ್ತೀರಾ ಮೇಡಂ?" ಅಂದ್ರು. ಬೇಡ ಅಂದೆ.

ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ, 'ಚಿಕ್ಕದು' ಅನ್ನೋ ಮಾತಲ್ಲಿ ಒಂದು ಅಪಾಯ ಇದೆ. ಅಮೆರಿಕದಲ್ಲಿ 1985ರಿಂದ 2016ರವರೆಗಿನ ಟ್ರಯಥ್ಲಾನ್‌ಗಳನ್ನ ನೋಡಿದ ಒಂದು ವೈದ್ಯಕೀಯ ಅಧ್ಯಯನ 2017ರಲ್ಲಿ ಬಂತು. ಸಾವು ಮತ್ತು ಹೃದಯ ನಿಂತುಹೋದ ಪ್ರಕರಣಗಳು ಒಟ್ಟು 135. ಅದರಲ್ಲಿ 90 ಈಜಿನ ಹೊತ್ತಲ್ಲೇ ಆದದ್ದು. ದೂರ ಕಮ್ಮಿ ಇರಲಿ, ಜಾಸ್ತಿ ಇರಲಿ, ಅಪಾಯದ ಪ್ರಮಾಣದಲ್ಲಿ ಹೇಳಿಕೊಳ್ಳೋವಷ್ಟು ವ್ಯತ್ಯಾಸ ಇರಲಿಲ್ಲ. ಮಿಷನ್ ಬೇಯಲ್ಲಿ ದಣಿದ ಮೇಲೆ, ಕತ್ತಲಲ್ಲಿ ಈಜು ಇತ್ತು. ಇವತ್ತು ಸಾಮಾನ್ಯವಾಗಿ ಈಜು ಮೊದಲು ಬರುತ್ತೆ, ದಣಿದವರು ನೀರಿಗೆ ಇಳಿಯೋದು ಬೇಡ ಅಂತ. ಚಿಕ್ಕದು ತಾನೇ ಅಂತ ತಯಾರಿಯಿಲ್ಲದೆ, ಹೃದಯದ ತಪಾಸಣೆ ಮಾಡಿಸದೆ ಇಳಿಯೋದು ತಪ್ಪು. ಹಾಗೇ, ಚಿಕ್ಕದು ತಾನೇ ಅಂತ ಅದನ್ನ ಹಾರಿ ನೇರ ದೊಡ್ಡದಕ್ಕೆ ಹೆಸರು ಕೊಡೋದೂ ತಪ್ಪು.

ನಮ್ಮಲ್ಲಿ 'ಹವ್ಯಾಸಿ' ಅನ್ನೋ ಪದಕ್ಕೆ ಒಂದು ಗೌರವ ಇದೆ. ಹವ್ಯಾಸಿ ರಂಗಭೂಮಿ ಅಂತೀವಿ. ಬ್ಯಾಂಕು, ಕಾರ್ಖಾನೆ, ಸರ್ಕಾರಿ ಕಚೇರಿ ಕೆಲಸ ಮುಗಿಸಿ ಸಂಜೆ ರಿಹರ್ಸಲ್‌ಗೆ ಬಂದವರೇ ಎಷ್ಟೋ ಒಳ್ಳೆ ನಾಟಕ ಕಟ್ಟಿದ್ದಾರೆ. ಅವರನ್ನ ಯಾರೂ "ಪೂರ್ತಿ ನಟ ಯಾವಾಗ ಆಗ್ತೀರಾ" ಅಂತ ಕೇಳಲ್ಲ. ಆಟದಲ್ಲಿ ಮಾತ್ರ ಯಾಕೆ ಕೇಳ್ತೀವಿ?

ದೊಡ್ಡ ದೂರ ಮಾಡೋರ ಬಗ್ಗೆ ನನಗೆ ಖಂಡಿತ ಗೌರವ ಇದೆ. ಅದಕ್ಕೆ ಬೇಕಾದ ಶಿಸ್ತು ನನ್ನ ಹತ್ತಿರ ಸದ್ಯಕ್ಕಿಲ್ಲ. ಆದರೆ ಅದಕ್ಕೆ ತಿಂಗಳುಗಟ್ಟಲೆ ಬೆಳಗ್ಗೆ, ಭಾನುವಾರ ಎಲ್ಲಾ ಕೊಡಬೇಕು, ದುಡ್ಡೂ ಬೇಕು. ಚಿಕ್ಕ ಮಕ್ಕಳಿರೋ ತಾಯಿ, ಶಿಫ್ಟ್ ಕೆಲಸದವರು, ಐವತ್ತು ದಾಟಿ ಈಗಷ್ಟೇ ಈಜು ಕಲಿತವರು, ಇವರಿಗೆಲ್ಲ ಬಾಗಿಲು ತೆರೆದಿರೋದು ಚಿಕ್ಕ ಸ್ಪರ್ಧೆಯಲ್ಲೇ. ಆ ಬಾಗಿಲಿಗೆ 'ಇದು ಬರೀ ಮೆಟ್ಟಿಲು' ಅಂತ ಬೋರ್ಡ್ ಹಾಕಿದರೆ ಅರ್ಧ ಜನ ಒಳಗೇ ಬರಲ್ಲ.

ಮೊನ್ನೆ ಅಂಕಲ್‌ಗೆ ಈ ಕಥೆ ಪೂರ್ತಿ ಹೇಳಿದೆ. ಕಾರಿನ ಹೆಡ್‌ಲೈಟ್ ವಿಷಯ ಬಂದಾಗ ನಕ್ಕರು. "ಹಾಗಾದ್ರೆ ನೀನು ಮಾಡಿದ್ದೇ ಹಳೇದು ಅನ್ನು" ಅಂದ್ರು. ಹೌದು ಅಂಕಲ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಈಜುಕೊಳದ ಫೀಸು ಎಷ್ಟು, ಅರವತ್ತು ದಾಟಿದವರನ್ನ ಸೇರಿಸ್ಕೋತಾರಾ ಅಂತ ಕೇಳಿದರು. ಡಾಕ್ಟರ್ ಹತ್ತಿರ ತೋರಿಸಿಕೊಂಡು ಬನ್ನಿ, ಒಟ್ಟಿಗೆ ಹೋಗೋಣ ಅಂತ ಹೇಳಿದೀನಿ.

ಇವತ್ತಿಗೆ ಇಷ್ಟು. ನಿಮ್ಮಲ್ಲಿ ಯಾರಾದರೂ ದೊಡ್ಡವರಾದ ಮೇಲೆ ಈಜು ಕಲಿತಿದ್ದರೆ ನನಗೆ ಬರೆದು ತಿಳಿಸಿ.